ಹನೋಯಿಯ ಕುಳ್ಳ ಸ್ಟೂಲುಗಳು

ವಿಯೆಟ್ನಾಮಿನ ರಾಜಧಾನಿ ಹನೋಯಿಯ ಹಳೆಯ ಪೇಟೆಯಲ್ಲಿ ಫುಟ್‌ಪಾತ್ ಇರುವುದು ನಡೆದಾಡುವುದಕ್ಕೆ ಎಂದು ಯಾರೂ ನಂಬಿದಂತಿಲ್ಲ. ಅದರ ಅರ್ಧ ಭಾಗವನ್ನು ಸಾಲಾಗಿ ನಿಲ್ಲಿಸಿದ ಸ್ಕೂಟರುಗಳು ಹಿಡಿದಿರುತ್ತವೆ. ಉಳಿದರ್ಧದಲ್ಲಿ ಒಂದು ಇದ್ದಿಲೊಲೆ, ಅದರ ಮುಂದೆ ಬೀಸಣಿಗೆ ಬೀಸುತ್ತ ಹಂದಿಮಾಂಸ ಸುಡುವ ಹೆಂಗಸು, ಪಾತ್ರೆ ತೊಳೆಯುವ ಬೋಗುಣಿಗಳು, ಗೋಡೆಗೆ ಕನ್ನಡಿ ನೇತುಹಾಕಿ ಒಂದೇ ಕುರ್ಚಿಯಲ್ಲಿ ಅಂಗಡಿ ತೆರೆದಿರುವ ಕ್ಷೌರಿಕ, ಪಂಕ್ಚರ್ ಹಾಕುವವನು, ಮತ್ತು ಇವರೆಲ್ಲರ ನಡುವೆ ಮೊಣಕಾಲೆತ್ತರಕ್ಕೂ ಬಾರದ ನೀಲಿ, ಕೆಂಪು ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕುಳಿತು ಸೂರ್ಯಕಾಂತಿ ಬೀಜ ಸುಲಿಯುತ್ತ ಹರಟುವ ಜನ. ನಡೆಯಬೇಕಾದವನು ರಸ್ತೆಗಿಳಿಯಬೇಕು. ರಸ್ತೆಯಲ್ಲಿ ಸ್ಕೂಟರುಗಳ ಹೊಳೆ. ಆ ಹೊಳೆಯನ್ನು ದಾಟುವ ವಿಧಾನದ ಬಗ್ಗೆ ಹನೋಯಿಗೆ ಹೋಗಿಬಂದವರೆಲ್ಲ ಬರೆದಿದ್ದಾರೆ: ಓಡಬಾರದು, ನಿಲ್ಲಬಾರದು, ಹಿಂದೆ ಸರಿಯಬಾರದು, ಒಂದೇ ವೇಗದಲ್ಲಿ ಹೆಜ್ಜೆ ಹಾಕಿದರೆ ಸವಾರರೇ ಸುತ್ತುಹಾಕಿ ಹೋಗುತ್ತಾರೆ. ಬೆಂಗಳೂರಿನಲ್ಲಿ ಪಳಗಿದವರಿಗೆ ಇದನ್ನು ಕಲಿಯಲು ಅರ್ಧ ದಿನ ಸಾಕು.

ನಗರಾಡಳಿತಕ್ಕೆ ಈ ವ್ಯವಸ್ಥೆ ಇಷ್ಟವಿಲ್ಲ. 2017ರಲ್ಲಿ ಪಾದಚಾರಿಗಳಿಗೆ ಫುಟ್‌ಪಾತ್ ಮರಳಿ ಕೊಡಿಸುತ್ತೇವೆಂದು ಹೊರಟ ಅಧಿಕಾರಿಗಳು ಚಾವಣಿ ಕೀಳಿಸಿ, ಹೊರಗೆ ಚಾಚಿದ್ದ ಮೆಟ್ಟಿಲುಗಳನ್ನು ಒಡೆಸಿ, ದೊಡ್ಡ ಕಾರ್ಯಾಚರಣೆಯನ್ನೇ ನಡೆಸಿದರು. ಆಮೇಲೂ ಅಂಥ ಕಾರ್ಯಾಚರಣೆಗಳು ಬಂದುಹೋಗಿವೆ. ಅದರ ದಿನನಿತ್ಯದ ರೂಪವನ್ನು ನಾನೊಂದು ಸಂಜೆ ನೋಡಿದೆ. ಬೀದಿಯ ತುದಿಯಲ್ಲಿ ಧ್ವನಿವರ್ಧಕ ಕಟ್ಟಿಕೊಂಡ ಪೊಲೀಸ್ ಪಿಕಪ್ ವಾಹನ ಕಾಣಿಸಿಕೊಂಡಿತು. ಯಾರೋ ಒಂದು ಮಾತು ಕೂಗಿದರು. ಸ್ಟೂಲುಗಳು ಒಂದರೊಳಗೊಂದು ಸೇರಿ ಗೋಪುರವಾಗಿ ಅಂಗಡಿಯೊಳಗೆ ಮಾಯವಾದವು. ಗಿರಾಕಿಗಳು ಲೋಟ ಹಿಡಿದುಕೊಂಡು, ಬಸ್ಸಿಗೆ ಕಾಯುವವರ ಮುಖ ಮಾಡಿಕೊಂಡು ಗೋಡೆಗೆ ಒರಗಿ ನಿಂತರು. ವಾಹನ ನಿಧಾನವಾಗಿ ಮುಂದೆ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವ ಮೊದಲೇ ಗೋಪುರ ಮತ್ತೆ ಬಿಡಿಬಿಡಿಯಾಗಿ ನೆಲಕ್ಕಿಳಿಯಿತು. ಯಾರ ಮುಖದಲ್ಲೂ ಗಾಬರಿಯಿರಲಿಲ್ಲ, ಸಿಟ್ಟೂ ಇರಲಿಲ್ಲ. ಬೆಂಗಳೂರಿನಲ್ಲಿ ಫುಟ್‌ಪಾತ್ ಒತ್ತುವರಿಯ ಬಗ್ಗೆ ಕೂಗಾಡುವವರ ಪೈಕಿ ನಾನೂ ಒಬ್ಬ. ಇಲ್ಲಿ ಏಕೋ ಆ ಸಿಟ್ಟು ಹುಟ್ಟಲಿಲ್ಲ. ನಮ್ಮಲ್ಲಿ ಫುಟ್‌ಪಾತನ್ನು ಕಬಳಿಸುವುದು ಬಹುಪಾಲು ಟ್ರಾನ್ಸ್‌ಫಾರ್ಮರು, ಕಾರು ಮತ್ತು ಕಲ್ಲುಮಣ್ಣಿನ ರಾಶಿ. ಇಲ್ಲಿ ಕಬಳಿಸಿದವರು ಮನುಷ್ಯರು, ಮತ್ತು ಅವರು ಪಕ್ಕಕ್ಕೆ ಸರಿದು ನಮಗೂ ಒಂದು ಸ್ಟೂಲು ಎಳೆದುಕೊಡುತ್ತಾರೆ.

ಜನ ಹೀಗೆ ಹೊರಗೆ ಬಂದು ಬದುಕುವುದಕ್ಕೆ ಮನೆಗಳ ಆಕಾರವೂ ಒಂದು ಕಾರಣ. ಹಳೆಯ ಪೇಟೆಯ ಮನೆಗಳು ಬೀದಿಗೆ ತೋರಿಸುವ ಮುಖ ಎರಡು ಮೂರು ಮೀಟರು ಅಗಲದ್ದು. ಒಳಗೆ ಮಾತ್ರ ನಡುನಡುವೆ ಪುಟ್ಟ ಅಂಗಳಗಳನ್ನು ಬಿಟ್ಟುಕೊಂಡು ಹತ್ತಾರು ಮೀಟರು ಉದ್ದಕ್ಕೆ ಸಾಗುತ್ತವೆ. ಅಂಗಡಿಯ ಮುಂಭಾಗದ ಅಗಲ ನೋಡಿ ತೆರಿಗೆ ಹಾಕುತ್ತಿದ್ದರು, ಆದ್ದರಿಂದ ಹೀಗೆ ಕಟ್ಟಿದರು ಎಂಬುದು ಅಲ್ಲಿ ಎಲ್ಲರೂ ಹೇಳುವ ವಿವರಣೆ. ಕಾಲಕ್ರಮದಲ್ಲಿ ಒಂದೊಂದು ಮನೆಯೊಳಗೂ ಹಲವು ಸಂಸಾರಗಳು ಸೇರಿಕೊಂಡವು, ಅಡುಗೆಮನೆ, ಬಚ್ಚಲು ಹಂಚಿಕೊಂಡವು. ಒಲೆ ಬೀದಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಈ ಪೇಟೆಗೆ 36 ಬೀದಿಗಳ ಪೇಟೆ ಎಂಬ ಹೆಸರು. ದೊರೆ ಲೀ ಥಾಯ್ ಟೋ 1010ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ಅರಮನೆಗೆ ಬೇಕಾದ ಕಸುಬುದಾರರು ಹಳ್ಳಿಗಳಿಂದ ಬಂದು, ತಮ್ಮ ತಮ್ಮ ಊರಿನವರ ಜೊತೆಗೇ ಒಂದೊಂದು ಬೀದಿಯಲ್ಲಿ ನೆಲೆಸುತ್ತ ಹೋದರು. ಬೀದಿಗೆ ಆ ಸರಕಿನ ಹೆಸರೇ ನಿಂತಿತು. ಈಗ ಬಹುಪಾಲು ಬೀದಿಗಳಲ್ಲಿ ಪ್ರವಾಸಿಗರಿಗೆ ಟೀ ಶರ್ಟು ಮಾರುತ್ತಾರೆ. ಆದರೆ ಹಾಂಗ್ ಥಿಯೆಕ್ ಬೀದಿಯಲ್ಲಿ ತಗಡು ಬಡಿಯುವ ಸದ್ದು ಇಂದಿಗೂ ಕಿವಿಗೆ ರಾಚುತ್ತದೆ. ಲಾನ್ ಓಂಗ್ ಬೀದಿಗೆ ಕಾಲಿಟ್ಟರೆ ಚಕ್ಕೆ, ಬೇರು, ಒಣಗಿಸಿದ ತೊಗಟೆಗಳ ವಾಸನೆ. ಅದು ನಾಟಿ ಔಷಧದ ಬೀದಿ. ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಹಾಂಗ್ ಮಾ ಬೀದಿ. ಅಲ್ಲಿ ಮಾರುವುದು ಸತ್ತವರಿಗೆ ಕಳಿಸುವ ಕಾಗದದ ಸಾಮಾನು: ಕಾಗದದ ಅಂಗಿ, ಕಾಗದದ ಮೊಬೈಲು, ಕಾಗದದ ಸ್ಕೂಟರು, ಕಂತೆಕಂತೆ ಕಾಗದದ ಡಾಲರು. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಇವನ್ನು ಸುಡುತ್ತಾರೆ. ಆ ದಿನಗಳಲ್ಲಿ ಹಲವರು ಮಾಂಸವನ್ನೂ ಬಿಡುತ್ತಾರೆ. ನಾನಿದ್ದಾಗ ಅಂಥ ಒಂದು ದಿನ ಬಂದಿತ್ತು. ಮಧ್ಯವಯಸ್ಸಿನ ಒಬ್ಬ ಹೆಂಗಸು ಆಫೀಸಿನ ಬಟ್ಟೆಯಲ್ಲೇ, ಹೆಗಲಿನ ಬ್ಯಾಗನ್ನೂ ಇಳಿಸದೆ, ಮನೆ ಮುಂದಿನ ತಗಡಿನ ಡಬ್ಬದೊಳಕ್ಕೆ ನೂರು ಡಾಲರಿನ ಕಾಗದದ ನೋಟುಗಳನ್ನು ಒಂದೊಂದಾಗಿ ಹಾಕುತ್ತಿದ್ದರು. ಒಮ್ಮೆಗೇ ಸುರಿದರೆ ಸರಿಯಾಗಿ ಉರಿಯುವುದಿಲ್ಲವಂತೆ, ಅರೆಸುಟ್ಟ ನೋಟು ಅಲ್ಲಿ ಚಲಾವಣೆಯಾಗುವುದಿಲ್ಲವಂತೆ. ಪಕ್ಕದ ಸ್ಟೂಲಿನಲ್ಲಿದ್ದವರು ಕಾಲನ್ನು ಸ್ವಲ್ಪ ಒಳಗೆ ಎಳೆದುಕೊಂಡು ಊಟ ಮುಂದುವರಿಸಿದರು.

ಊಟದ ವಿಚಾರದಲ್ಲಿ ನನಗೆ ತೊಂದರೆಯಾಗಲಿಲ್ಲ. ಹಂದಿ, ಏಡಿ, ಕಳಲೆ ಎಲ್ಲವನ್ನೂ ತಿಂದು ಬೆಳೆದ ಮಲೆನಾಡಿನವನಿಗೆ ಹನೋಯಿಯಲ್ಲಿ ಹಸಿವಾಗುವುದು ಕಷ್ಟ. ಬೆಳಗಿನ ಫೋ ಸಾರಿನ ಚಕ್ರಮೊಗ್ಗಿನ ಘಮ, ಮಧ್ಯಾಹ್ನ ಸುಟ್ಟ ಹಂದಿಮಾಂಸದ ಜೊತೆ ಅಕ್ಕಿ ಶಾವಿಗೆ ಕೊಡುವ ಬುನ್ ಚಾ, ಕಳಲೆ ಹಾಕಿದ ಬಾತುಕೋಳಿಯ ಸಾರು. ಮೀನಿನ ಸಾಸಿನ ವಾಸನೆ ಮಾತ್ರ ಮೊದಲ ದಿನ ಮೂಗಿಗೆ ಹೊಡೆದು, ಎರಡನೆಯ ದಿನದಿಂದ ನಾಲಗೆಗೆ ಬೇಕೆನಿಸಿತು.

ನೋಡಲೇಬೇಕೆಂದು ಎಲ್ಲರೂ ಹೇಳುವ ಜಾಗಗಳಲ್ಲಿ ಕೆಲವನ್ನು ನೋಡಿದೆ. ಹೋ ಚಿ ಮಿನ್ ಸಮಾಧಿಯ ಮುಂದಿನ ಸಾಲು ಉದ್ದವಾಗಿತ್ತು. ತನ್ನ ದೇಹವನ್ನು ಸುಟ್ಟು ಬೂದಿ ಮಾಡಿ ಎಂದು ಬರೆದಿಟ್ಟ ಮನುಷ್ಯನನ್ನು ಗಾಜಿನೊಳಗೆ ಮಲಗಿಸಿರುವುದನ್ನು ನೋಡಲು ನಿಲ್ಲುವ ಮನಸ್ಸಾಗಲಿಲ್ಲ. ಪಶ್ಚಿಮ ಸರೋವರದ ದಂಡೆಯ ಟ್ರಾನ್ ಕ್ವೋಕ್ ಪಗೋಡದಲ್ಲಿ ನಮ್ಮ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು 1959ರಲ್ಲಿ ಕೊಟ್ಟ ಬೋಧಿವೃಕ್ಷ ದೊಡ್ಡ ಮರವಾಗಿ ಬೆಳೆದಿದೆ. ರೈಲು ಹಳಿಯ ಎರಡೂ ಬದಿಗೆ ಕಾಫಿ ಅಂಗಡಿ ಇಟ್ಟುಕೊಂಡಿರುವ ಪ್ರಸಿದ್ಧ ಓಣಿಯಲ್ಲಿ ಫೋಟೋ ತೆಗೆಯುವವರ ಫೋಟೋ ತೆಗೆಯುವವರೇ ತುಂಬಿದ್ದರು, ಬೇಗ ಹೊರಬಂದೆ.

ಸಾಹಿತ್ಯ ದೇಗುಲ ಎಂದು ಕರೆಯುವ ವಾನ್ ಮಿಯೆವ್‌ನಲ್ಲಿ ಮಾತ್ರ ಒಂದು ಇಡೀ ಬೆಳಗು ಕಳೆದೆ. 1070ರಲ್ಲಿ ಕನ್‌ಫ್ಯೂಶಿಯಸ್‌ನ ಹೆಸರಿನಲ್ಲಿ ಕಟ್ಟಿಸಿದ ಈ ಆವರಣದಲ್ಲಿ ಆರು ವರ್ಷಗಳ ನಂತರ ರಾಜಕುಮಾರರಿಗೂ ಅಧಿಕಾರಿಗಳ ಮಕ್ಕಳಿಗೂ ವಿದ್ಯಾಶಾಲೆ ಆರಂಭವಾಯಿತು. ಕಲ್ಲಿನ ಆಮೆಗಳ ಬೆನ್ನ ಮೇಲೆ ನಿಂತ 82 ಶಾಸನಗಳು ಇಲ್ಲಿವೆ. ನಮ್ಮ ಕಡೆ ಶಾಸನವೆಂದರೆ ದಾನ, ದತ್ತಿ, ಯುದ್ಧದಲ್ಲಿ ಮಡಿದ ವೀರ. ಇಲ್ಲಿ ಕೆತ್ತಿರುವುದು ಪರೀಕ್ಷೆ ಪಾಸಾದವರ ಹೆಸರು ಮತ್ತು ಊರು! 1442ರಿಂದ 1779ರವರೆಗೆ ನಡೆದ ರಾಜ್ಯ ಪರೀಕ್ಷೆಗಳಲ್ಲಿ ಅತ್ಯುನ್ನತ ಪದವಿ ಪಡೆದವರು ಅವರು. ಪರೀಕ್ಷೆಗೆ ಮುನ್ನ ವಿದ್ಯಾರ್ಥಿಗಳು ಬಂದು ಆಮೆಯ ತಲೆ ಸವರಿ ಹೋಗುತ್ತಿದ್ದರು. ತಲೆಗಳು ಸವೆಯತೊಡಗಿದ್ದರಿಂದ ಈಗ ಬೇಲಿ ಹಾಕಿದ್ದಾರೆ. ಬೇಲಿಯಾಚೆ ನಿಂತು ಒಬ್ಬ ಹುಡುಗ ತನ್ನ ಛತ್ರಿಯ ತುದಿಯನ್ನು ಆಮೆಯ ಮೂಗಿಗೆ ಮುಟ್ಟಿಸಿ, ಆ ತುದಿಯನ್ನು ತನ್ನ ಹಣೆಗೆ ಒತ್ತಿಕೊಂಡದ್ದನ್ನು ಕಾವಲುಗಾರ ನೋಡಿಯೂ ನೋಡದವನಂತೆ ಇದ್ದ.

ಫೆಬ್ರವರಿ ಮುಗಿದು ಮಾರ್ಚ್ ಹುಟ್ಟುವ ಆ ದಿನಗಳಲ್ಲಿ ಹನೋಯಿಯ ಮೇಲೆ ಬಿಟ್ಟೂ ಬಿಡದ ಸೋನೆ. ಆ ಸೋನೆಯಲ್ಲೇ ಲಾಂಗ್ ಬಿಯೆನ್ ಸೇತುವೆಯ ಮೇಲೆ ಆಚೆ ದಡದವರೆಗೂ ನಡೆದೆ. ಕೆಂಪು ನದಿಗೆ ಅಡ್ಡಲಾಗಿ ಫ್ರೆಂಚರು 1899ರಲ್ಲಿ ಆರಂಭಿಸಿ 1902ರಲ್ಲಿ ಮುಗಿಸಿದ ಉಕ್ಕಿನ ಸೇತುವೆ ಅದು. ಆಗಿನ ಗವರ್ನರ್ ಜನರಲ್ ಪೋಲ್ ದೂಮೇರನ ಹೆಸರನ್ನು ಅದಕ್ಕೆ ಇಟ್ಟಿದ್ದರು. 1954ರ ಅಕ್ಟೋಬರಿನಲ್ಲಿ ಹನೋಯಿಯನ್ನು ಬಿಟ್ಟುಕೊಟ್ಟ ಫ್ರೆಂಚ್ ಸೇನೆಯ ಕೊನೆಯ ತುಕಡಿಗಳು ನಗರದಿಂದ ಹೊರಬಿದ್ದದ್ದೂ ಇದೇ ಸೇತುವೆಯ ಮೇಲಿಂದ. ಆಮೇಲೆ ಅಮೆರಿಕದ ವಿಮಾನಗಳು 1967ರಲ್ಲೂ 1972ರಲ್ಲೂ ಇದರ ಮೇಲೆ ಬಾಂಬು ಸುರಿದವು. ಹೈಫಾಂಗ್ ಬಂದರಿನಿಂದ ರಾಜಧಾನಿಗೆ ಬರುವ ರೈಲಿಗೆ ಇದೇ ದಾರಿಯಾಗಿತ್ತು. ಮುರಿದಾಗಲೆಲ್ಲ ಕೈಗೆ ಸಿಕ್ಕ ಉಕ್ಕಿನಲ್ಲಿ ಜೋಡಿಸಿಕೊಂಡರು. ಈ ಚರಿತ್ರೆಯನ್ನು ತಿಳಿಯಲು ಫಲಕ ಓದಬೇಕಾಗಿಲ್ಲ, ದಂಡೆಯಲ್ಲಿ ನಿಂತು ಸೇತುವೆಯ ಅಂಚನ್ನು ಕಣ್ಣಲ್ಲೇ ಅನುಸರಿಸಿದರೆ ಸಾಕು. ಎರಡು ತುದಿಗಳ ಬಳಿ ಹಳೆಯ ಕಮಾನುಗಳು ಗೂನುಬೆನ್ನಿನಂತೆ ಏರಿಳಿಯುತ್ತವೆ. ನಡುವೆ ಬಾಂಬು ಬಿದ್ದ ಕಡೆಗಳಲ್ಲಿ ಏರಿಳಿತವಿಲ್ಲದ, ಅಲಂಕಾರವಿಲ್ಲದ, ತಗ್ಗು ಚೌಕಟ್ಟುಗಳು. ಚಂದ ಕಾಣಲಿ ಎಂದು ಯಾರೂ ಅದನ್ನು ಸರಿಪಡಿಸಲು ಹೋಗಿಲ್ಲ.

ಸೇತುವೆಯ ನಡುವೆ ಒಂದೇ ರೈಲು ಹಳಿ, ಅದರ ಎರಡು ಪಕ್ಕದಲ್ಲಿ ಸ್ಕೂಟರು, ಸೈಕಲ್ಲುಗಳಿಗೆ ಕಿರಿದಾದ ದಾರಿ. ಬಲಬದಿಯಲ್ಲಿ ಗಾಡಿ ಓಡಿಸುವ ಆ ದೇಶದಲ್ಲಿ ಈ ಸೇತುವೆಯ ಮೇಲೆ ಮಾತ್ರ ವಾಹನಗಳು ಎಡಬದಿಯಲ್ಲಿ ಓಡುತ್ತವೆ. ನಮ್ಮವರಿಗೆ ಅಲ್ಲಿ ಹೆಜ್ಜೆ ತಪ್ಪುವುದಿಲ್ಲ. ನಡೆಯುವ ಪಟ್ಟಿಯ ಸಿಮೆಂಟು ಹಲಗೆಗಳ ಸಂದಿಯಲ್ಲಿ ಕೆಳಗೆ ಇಟ್ಟಿಗೆ ಬಣ್ಣದ ನೀರು ಕಾಣುತ್ತದೆ. ನದಿಯ ನಡುಗಡ್ಡೆಯಲ್ಲಿ ಬಾಳೆ, ಸೊಪ್ಪು, ತರಕಾರಿ. 2024ರ ಸೆಪ್ಟೆಂಬರಿನಲ್ಲಿ ಯಾಗಿ ಚಂಡಮಾರುತದ ಹಿಂದೆಯೇ ಬಂದ ನೆರೆಯಲ್ಲಿ ಈ ನಡುಗಡ್ಡೆ ಮುಳುಗಿತ್ತು, ಸೇತುವೆಯ ಮೇಲಿನ ಸಂಚಾರವನ್ನೇ ನಿಲ್ಲಿಸಿದ್ದರು. ನಾನು ನೋಡುವ ಹೊತ್ತಿಗೆ ಬಾಳೆಯ ಹೊಸ ಕಂದುಗಳು ಆಳೆತ್ತರಕ್ಕೆ ಬಂದಿದ್ದವು. ಸೇತುವೆಯ ಮೇಲೆಯೇ ಬುಟ್ಟಿಯಿಟ್ಟುಕೊಂಡು ಆ ಸೊಪ್ಪನ್ನು ಮಾರುವವರಿದ್ದಾರೆ. ಗಿರಾಕಿ ಸ್ಕೂಟರಿನಿಂದ ಇಳಿಯುವುದಿಲ್ಲ. ಒಂದು ಕಾಲನ್ನು ಕಂಬಿಗೆ ಊರಿ, ಕಟ್ಟು ಹಿಡಿದು ನೋಡಿ, ಚೌಕಾಸಿ ಮಾಡಿ, ಹಿಂದಿನವರ ಹಾರ್ನಿಗೆ ಕಿವಿಗೊಡದೆ ಚಿಲ್ಲರೆ ಎಣಿಸಿಕೊಂಡು ಹೋಗುತ್ತಾನೆ.

ಇನ್ನು ಕಾಫಿಯ ವಿಷಯ. ಹನೋಯಿಯನ್ನು ನಾನು ಆರಿಸಿಕೊಂಡದ್ದರ ಹಿಂದೆ ಇದ್ದದ್ದು ಅದೇ. ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ ವಿಯೆಟ್ನಾಂ ಎಂಬುದು ದೇಶಕ್ಕಿಂತ ಹೆಚ್ಚಾಗಿ ಒಂದು ದರವಾಗಿತ್ತು. 1986ರ ಆರ್ಥಿಕ ಸುಧಾರಣೆಯ ನಂತರ ಆ ದೇಶದ ಮಧ್ಯಭಾಗದ ಎತ್ತರದ ಪ್ರದೇಶಗಳಲ್ಲಿ ರೊಬಸ್ಟಾ ಜಾತಿಯ ಕಾಫಿಯ ತೋಟಗಳು ಹಬ್ಬಿದ ವೇಗ ಎಂಥದೆಂದರೆ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಬ್ರೆಜಿಲ್ ಒಂದನ್ನು ಬಿಟ್ಟರೆ ಅಷ್ಟು ಕಾಫಿ ಬೆಳೆಯುವವರು ಮತ್ತಾರೂ ಇರಲಿಲ್ಲ. 2001–02ರ ಸುಮಾರಿಗೆ ಜಗತ್ತಿನಾದ್ಯಂತ ದರ ನೆಲಕಚ್ಚಿದಾಗ ನಮ್ಮ ಕಡೆ ಕೊಯ್ಲಿನ ಕೂಲಿಯೂ ಹುಟ್ಟದ ತೋಟಗಳಿದ್ದವು. ಕಣದಲ್ಲಿ ಕುಳಿತು ದೊಡ್ಡವರು ಬೈಯುತ್ತಿದ್ದದ್ದು ವಿಯೆಟ್ನಾಮನ್ನು. ಆಮೇಲೆ ಕಾಳುಮೆಣಸಿನ ಸರದಿ. ಅಲ್ಲಿನ ಮೆಣಸು ಬೇರೆ ದೇಶಗಳ ಮೂಲಕ ಅಗ್ಗವಾಗಿ ಒಳಬರುತ್ತಿದೆಯೆಂದು ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಹುಯಿಲೆಬ್ಬಿಸಿದ ಮೇಲೆ ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ದರವನ್ನು ಗೊತ್ತುಮಾಡಿತು. 2024ರಲ್ಲಿ ಗಾಳಿ ತಿರುಗಿತು. ಬರದಿಂದ ಅಲ್ಲಿನ ಫಸಲು ತಗ್ಗಿ, ನಮ್ಮಲ್ಲಿ ರೊಬಸ್ಟಾ ಚೆರಿಯ, ಅಂದರೆ ಸಿಪ್ಪೆಸಮೇತ ಒಣಗಿಸಿದ ಹಣ್ಣಿನ, 50 ಕಿಲೋ ಮೂಟೆ 10,000 ರೂಪಾಯಿ ದಾಟಿ, ಹಳೆಯ ಸಾಲ ತೀರಿಸಿದವರು ಮನೆಗೆ ಬಣ್ಣ ಬಳಿಸಿದರು. ಆಗ ವಿಯೆಟ್ನಾಮನ್ನು ಯಾರೂ ಬೈಯಲಿಲ್ಲ. ಪಾಪ ಎಂದೂ ಅನ್ನಲಿಲ್ಲ.

ಹನೋಯಿ ಕಾಫಿ ಬೆಳೆಯುವ ಊರಲ್ಲ. ಬೆಳೆಯುವ ಡಾಕ್ ಲಾಕ್ ಪ್ರಾಂತ್ಯ ಅಲ್ಲಿಂದ ಬಹಳ ದೂರ ದಕ್ಷಿಣಕ್ಕಿದೆ. ಹನೋಯಿ ಕುಡಿಯುವ ಊರು. ಗಾಜಿನ ಲೋಟದ ಮೇಲೆ ಟೊಪ್ಪಿಯಂತೆ ಕೂರುವ ಫಿನ್ ಎಂಬ ಅಲ್ಯುಮಿನಿಯಂ ಫಿಲ್ಟರಿನ ತಳದಲ್ಲಿ ಪುಡಿ ಹಾಕಿ, ತೂತಿನ ಬಿಲ್ಲೆಯಿಂದ ಹದವಾಗಿ ಒತ್ತಿ, ಮೊದಲು ಒಂದು ಚಮಚೆಯಷ್ಟು ಬಿಸಿನೀರು ಹನಿಸಿ ಪುಡಿ ಉಬ್ಬುವವರೆಗೆ ಬಿಟ್ಟು, ಆಮೇಲೆ ಮಿಕ್ಕ ನೀರನ್ನು ಸುರಿದು ಮುಚ್ಚುತ್ತಾರೆ. ನಮ್ಮ ಫಿಲ್ಟರಿನ ತತ್ವವೇ. ಆದರೆ ನಮ್ಮಲ್ಲಿ ಡಿಕಾಕ್ಷನ್ ಇಳಿಯುವುದು ಅಡುಗೆಮನೆಯಲ್ಲಿ, ಕುಡಿಯುವವನು ಏಳುವ ಮೊದಲು. ಅಲ್ಲಿ ಅದು ಕುಡಿಯುವವನ ಕಣ್ಣೆದುರೇ ತೊಟ್ಟುತೊಟ್ಟಾಗಿ ಇಳಿಯಬೇಕು, ಅವನು ಕಾಯಬೇಕು. ಲೋಟದ ತಳದಲ್ಲಿ ಎರಡು ಬೆರಳಷ್ಟು ಗಟ್ಟಿಹಾಲು. ತಾಜಾ ಹಾಲು ಸಿಗದ ಕಾಲದಲ್ಲಿ ಡಬ್ಬಿಯ ಹಾಲಿನಿಂದ ಶುರುವಾದ ಪದ್ಧತಿ ಈಗ ರುಚಿಯಾಗಿ ನಿಂತುಬಿಟ್ಟಿದೆ. ಹಾಲು ಸಿಗದೆ ಹುಟ್ಟಿದ ಇನ್ನೊಂದು ಮೊಟ್ಟೆಕಾಫಿ. 1946ರಲ್ಲಿ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನ್ಗುಯೆನ್ ವಾನ್ ಜಾಂಗ್ ಹಾಲಿನ ಬದಲಿಗೆ ಮೊಟ್ಟೆಯ ಹಳದಿಯನ್ನು ಸಕ್ಕರೆ ಸೇರಿಸಿ ನೊರೆಬರಿಸಿದ. ಅವನ ಮನೆಯವರ ಅಂಗಡಿ ಇಂದಿಗೂ ಇದೆ. ಆರದಿರಲೆಂದು ಬಿಸಿನೀರಿನ ಬಟ್ಟಲಿನೊಳಗೆ ಇಟ್ಟು ಕೊಡುವ ಆ ಕಪ್ಪಿನ ಮೇಲ್ಪದರ ಸಿಹಿತಿಂಡಿ, ತಳದಲ್ಲಿ ಕಡುಕಹಿ ರೊಬಸ್ಟಾ. ಅರೇಬಿಕಾ ಬೆಳೆದವರ ಮನೆಗಳಲ್ಲಿ ರೊಬಸ್ಟಾವನ್ನು ಎರಡನೆಯ ಪಂಕ್ತಿಯಲ್ಲಿ ಕೂರಿಸುವ ರೂಢಿ ನಮ್ಮಲ್ಲಿದೆ. ಅದರ ಕಹಿಯನ್ನು ಮುಚ್ಚಿಡದೆ, ಅದಕ್ಕೆ ತಕ್ಕ ಜೊತೆಯನ್ನು ಹುಡುಕಿಕೊಂಡವರು ಇವರು ಎಂದು ನನಗನ್ನಿಸಿತು.

ನಾನು ದಿನವೂ ಕೂರುತ್ತಿದ್ದ ಅಂಗಡಿ ಒಬ್ಬ ವಯಸ್ಸಾದ ಹೆಂಗಸಿನದು. ಅಂಗಡಿಯೆಂದರೆ ಒಂದು ಒಲೆ, ಒಂದು ಪೆಟ್ಟಿಗೆ, ಹತ್ತು ಹನ್ನೆರಡು ಸ್ಟೂಲು. ಸಂಜೆ ಹೊತ್ತು ಕೈಜೋಡಿಸಲು ಬರುತ್ತಿದ್ದ ಅವರ ತಮ್ಮನ ಮಗನಿಗೆ ಇಂಗ್ಲಿಷು ಸ್ವಲ್ಪ ಬರುತ್ತಿತ್ತು, ಉಳಿದದ್ದನ್ನು ಫೋನು ಅನುವಾದಿಸುತ್ತಿತ್ತು. ನೀವು ಎಲ್ಲಿಯವರು, ಏನು ಮಾಡುತ್ತೀರಿ ಎಂದು ಕೇಳಿದ. ಮನೆಯಲ್ಲಿ ಕಾಫಿ ತೋಟವಿದೆ ಎಂದೆ. ಅವನು ಟವೆಲಿಗೆ ಕೈ ಒರೆಸಿಕೊಂಡು ಎದುರಿನ ಸ್ಟೂಲಿನಲ್ಲಿ ಕುಳಿತೇಬಿಟ್ಟ. ಅವನ ಮನೆ ಡಾಕ್ ಲಾಕ್‌ನಲ್ಲಿ. ಎಂಬತ್ತರ ದಶಕದಲ್ಲಿ ಉತ್ತರದ ಬಡ ಭತ್ತದ ಸೀಮೆಗಳಿಂದ ಜನರನ್ನು ಸರಕಾರವೇ ಆ ಎತ್ತರದ ಪ್ರದೇಶಕ್ಕೆ ಕಳಿಸಿದಾಗ ಅವನ ತಂದೆ ಹೋಗಿದ್ದರು. ಅತ್ತೆ ಹನೋಯಿಗೆ ಬಂದಿದ್ದರು. ಡಾಕ್ ಲಾಕ್‌ನಲ್ಲಿ ಮೊದಲಿನಿಂದ ಇದ್ದ ಎಡೆ ಬುಡಕಟ್ಟಿನವರ ಕಾಡು, ಜಮೀನು ಹೀಗೆ ಬಂದವರ ಪಾಲಾದದ್ದನ್ನು ಅವನು ಮುಚ್ಚಿಡದೆ ಹೇಳಿದ, ಹೆಚ್ಚು ವಿವರಿಸಲಿಲ್ಲ.

ಮಾತು ಬೇಗ ತೋಟಕ್ಕೆ ಇಳಿಯಿತು. ಕಾಫಿಗೆ ನೆರಳಿನ ಮರ ಯಾಕೆ ಎಂದು ಅವನಿಗೆ ಆಶ್ಚರ್ಯ. ಫೋನಿನಲ್ಲಿದ್ದ ನಮ್ಮ ತೋಟದ ಚಿತ್ರ ನೋಡಿ ಇದು ಕಾಡಲ್ಲವೇ ಎಂದ. ಅವರದು ಬಹುತೇಕ ಬಿಸಿಲಿಗೆ ಬಿಟ್ಟ ಗಿಡ. ಹೆಕ್ಟೇರಿಗೆ ಎರಡೂವರೆ ಟನ್ನಿಗೂ ಹೆಚ್ಚು ಇಳುವರಿ. ನಮ್ಮದು ಎಷ್ಟೆಂದು ಕೇಳಿದಾಗ ಅದರ ಅರ್ಧವೂ ಇಲ್ಲವೆಂದೆ, ನಗಲಿಲ್ಲ. ಆ ಇಳುವರಿಗೆ ಅವರು ಸುರಿಯುವ ಗೊಬ್ಬರ ಮತ್ತು ನೀರಿನ ಲೆಕ್ಕವನ್ನೂ ಅವನೇ ಕೊಟ್ಟ. ನಾವು ಹೂಮಳೆಗೆ ಆಕಾಶ ನೋಡುವ ತಿಂಗಳುಗಳಲ್ಲಿ ಅವರು ಬೋರ್‌ವೆಲ್ಲಿನಿಂದ ಎತ್ತಿ ಗಿಡದ ಬುಡದ ಪಾತಿಗೆ ನೀರು ಕಟ್ಟುತ್ತಾರೆ, ಬೇಸಿಗೆ ಮುಗಿಯುವುದರೊಳಗೆ ಮೂರು ನಾಲ್ಕು ಸುತ್ತು. ವರ್ಷದಿಂದ ವರ್ಷಕ್ಕೆ ಕೊಳವೆ ಇನ್ನಷ್ಟು ಆಳಕ್ಕೆ ಹೋಗಬೇಕಾಗಿದೆ. ನಮ್ಮಲ್ಲೂ ಈಗ ಮಳೆ ತಡವಾದರೆ ಕೆರೆಯಿಂದ ಸ್ಪ್ರಿಂಕ್ಲರ್ ಹಾಕುತ್ತೇವೆ, ಕೆರೆ ಬತ್ತಿದರೆ ಅದೂ ಇಲ್ಲ ಎಂದೆ. ಮೆಣಸಿನ ವಿಷಯ ನಾನಾಗಿ ಎತ್ತಲಿಲ್ಲ, ಅವನೇ ಎತ್ತಿದ. ದರ ಏರಿದ್ದಾಗ ಎಲ್ಲರೂ ಸಾಲ ಮಾಡಿ ಮೆಣಸು ಹಾಕಿದರು. ದರ ಕುಸಿಯುವುದಕ್ಕೂ ಸೊರಗು ರೋಗ ನುಗ್ಗುವುದಕ್ಕೂ ಸರಿಹೋಯಿತು. ಅವರ ಮನೆಯ ಬಳ್ಳಿಗಳು ಕೆಲವೇ ವಾರಗಳಲ್ಲಿ ಕಂಬದ ಮೇಲೆ ಕಪ್ಪಾಗಿ ಒಣಗಿದವು. ನಾವು ಅವರ ಮೆಣಸಿನ ವಿರುದ್ಧ ದೆಹಲಿಗೆ ಅರ್ಜಿ ಬರೆಯುತ್ತಿದ್ದದ್ದು ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ. ಈಗ ಅವನ ತಂದೆ ಮೆಣಸಿದ್ದ ಜಾಗದಲ್ಲಿ ಡೂರಿಯನ್ ಹಣ್ಣಿನ ಗಿಡ ಹಾಕಿದ್ದಾರೆ, ಚೀನಾ ಅದಕ್ಕೆ ಒಳ್ಳೆಯ ದುಡ್ಡು ಕೊಡುತ್ತದಂತೆ. ಅಕ್ಕಪಕ್ಕದವರೆಲ್ಲ ಅದನ್ನೇ ಹಾಕುತ್ತಿದ್ದಾರೆ ಎಂದು ಹೇಳುವಾಗ ಅವನ ಧ್ವನಿಯಲ್ಲಿದ್ದ ಅನುಮಾನ ನನಗೆ ಚೆನ್ನಾಗಿ ಪರಿಚಯವಿದ್ದದ್ದು.

ಹೂವಿನ ವಿಡಿಯೊ ತೋರಿಸಿದ. ಇಳಿಜಾರಿನುದ್ದಕ್ಕೂ ಬಿಳಿ, ಜೇನ್ನೊಣಗಳ ಸದ್ದು, ಹಿನ್ನೆಲೆಯಲ್ಲಿ ಪಂಪಿನ ಗುಡುಗುಡು, ತಂದೆಯವರ ಬೆನ್ನು. ಕಾಫಿ ಮಾರಿದಿರಾ ಎಂದು ಕೇಳಿದೆ. ಅರ್ಧ ಮಾರಿ ಅರ್ಧ ಇಟ್ಟುಕೊಂಡಿದ್ದಾರಂತೆ; ಇನ್ನೂ ಏರುತ್ತದೆಂದು ತಂದೆ, ಇಳಿಯುತ್ತದೆಂದು ಮಗ, ಇಬ್ಬರಿಗೂ ಜಗಳ. ನಮ್ಮ ಮನೆಯಲ್ಲಿಯೂ ಉಗ್ರಾಣದಲ್ಲಿ ಚೆರಿ ಮೂಟೆಗಳು ಉಳಿದಿದ್ದವು, ಆ ಜಗಳವೂ ನಡೆದಿತ್ತು. ರೊಬಸ್ಟಾದ ದರ ನಿಗದಿಯಾಗುವುದು ಲಂಡನ್ನಿನ ವಾಯಿದೆ ಮಾರುಕಟ್ಟೆಯಲ್ಲಿ. ಅಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಹನೋಯಿಯಲ್ಲಿ ಸಂಜೆಯಾಗಿರುತ್ತದೆ. ಈಗ ಎಷ್ಟಿರಬಹುದು ಎಂದು ನಾನು ಫೋನು ತೆಗೆಯುವಷ್ಟರಲ್ಲಿ ಅವನು ಅಂಕಿಯನ್ನು ಬಾಯಲ್ಲೇ ಹೇಳಿ, ನಿನ್ನೆಗಿಂತ ನಲವತ್ತು ಡಾಲರು ಕಡಿಮೆ ಎಂದು ಸೇರಿಸಿ, ಅತ್ತೆ ಕರೆದರೆಂದು ಲೋಟ ತೊಳೆಯಲು ಎದ್ದುಹೋದ.